ಸ್ನಾನದ ತೊಟ್ಟಿಯ ಪಕ್ಕದ ಮನೆ

ಮಗನ ಮನೆಗೆಂದು ಹಾಲೆಂಡಿಗೆ ಹೋದವರು ಆಮ್‌ಸ್ಟರ್‌ಡಾಮಿನ ಸ್ಟೇಡೆಲಿಕ್ ಮ್ಯೂಸಿಯಮ್ಮನ್ನೂ ನೋಡಿ ಬಂದೆವು. 1895ರ ಇಟ್ಟಿಗೆಯ ಕಟ್ಟಡ. ಅದಕ್ಕಂಟಿಕೊಂಡು 2012ರಲ್ಲಿ ತೆರೆದ ಬಿಳಿಯ ಹೊಸ ಭಾಗ. ಊರವರು ಇದನ್ನು ಸ್ನಾನದ ತೊಟ್ಟಿ ಎನ್ನುತ್ತಾರೆ. ಇರುವುದೂ ಹಾಗೆಯೇ!

ರೀತ್‌ವೆಲ್ಟನ ಕೆಂಪು-ನೀಲಿ ಕುರ್ಚಿಯ ಮುಂದೆ ನಿಂತು ನನ್ನಾಕೆ, "ಇದರಲ್ಲಿ ಕೂತರೆ ಬೆನ್ನು ಉಳಿದೀತೆ?" ಎಂದಳು. ಮಾಲೆವಿಚನ ಬಣ್ಣದ ಚೌಕಗಳು ನನಗೂ ಅಷ್ಟಕ್ಕಷ್ಟೇ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ವಿಲ್ಲೆಮ್ ಸ್ಯಾಂಡ್‌ಬರ್ಗರ ಕಥೆ. ಇಲ್ಲಿಯ ಗೋಡೆಗಳಿಗೆ ಬಿಳಿ ಬಳಿಸಿದವರು ಅವರೇ. ಯುದ್ಧ ಬಂದಾಗ ಚಿತ್ರಗಳನ್ನು ಕಾಸ್ಟ್ರಿಕಮ್ಮಿನ ಮರಳುದಿಬ್ಬಗಳ ನೆಲಮಾಳಿಗೆಯಲ್ಲಿ ಬಚ್ಚಿಟ್ಟರು. ಚಿತ್ರಗಳನ್ನು ಬಚ್ಚಿಡಬಹುದು, ಮನುಷ್ಯರನ್ನು? ಅವರದು ಅಕ್ಷರ, ಕಾಗದ, ಮುದ್ರಣ ಬಲ್ಲ ಕೈ. ಯೆಹೂದ್ಯರಿಗೂ ತಲೆಮರೆಸಿಕೊಂಡವರಿಗೂ ಸುಳ್ಳು ಗುರುತಿನ ಚೀಟಿಗಳನ್ನು ಸಿದ್ಧಮಾಡುವ ಕೆಲಸಕ್ಕೆ ಕೈಹಾಕಿದರು. ಆದರೆ ಚೀಟಿಯನ್ನು ನಗರದ ಜನಗಣತಿ ಕಚೇರಿಯ ದಾಖಲೆಯೊಡನೆ ತಾಳೆ ನೋಡಿದರೆ ಗುಟ್ಟು ರಟ್ಟು! ಹಾಗಾಗಿ 1943ರ ಮಾರ್ಚ್ 27ರಂದು ಗೆಳೆಯರ ಗುಂಪೊಂದು ಆ ಕಚೇರಿಗೇ ಬೆಂಕಿಯಿಟ್ಟಿತು. ಸಂಚಿನಲ್ಲಿ ಇವರೂ ಇದ್ದರು. ಹನ್ನೆರಡು ಮಂದಿಯನ್ನು ಜರ್ಮನರು ಗುಂಡಿಕ್ಕಿ ಕೊಂದರು. ಸ್ಯಾಂಡ್‌ಬರ್ಗ್ ಹೆಸರು ಮರೆಸಿಕೊಂಡು ಉಳಿದರು. 1945ರಲ್ಲಿ ಮರಳಿ ಬಂದು ಇದೇ ಮ್ಯೂಸಿಯಮ್ಮಿನ ನಿರ್ದೇಶಕರಾದರು.

ಹಳೆಯ ಮೆಟ್ಟಿಲಿಳಿಯುವಾಗ ನನ್ನಾಕೆ ಬಿಳಿಯ ಗೋಡೆಯನ್ನೊಮ್ಮೆ ಮೆಲ್ಲನೆ ಮುಟ್ಟಿ ನೋಡಿದಳು.