ಚಳಿಗೆ ನಾಟಿ ಕೋಳಿ ಮಂಕಾಗಿ ಕೂತಿದೆಯಾ? ಮೊದಲ 24 ಗಂಟೆ ಏನು ಮಾಡ್ಬೇಕು, ಏನು ಮಾಡ್ಬಾರ್ದು

ಚಿಕ್ಕಬಳ್ಳಾಪುರ: ಡಿಸೆಂಬರ್, ಜನವರಿ ಬಂತು ಅಂದ್ರೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಗ್ಗೆ ಎಂಟು ಗಂಟೆಯಾದರೂ ಮಂಜು ಬಿಡಲ್ಲ. ಇಂಥ ಬೆಳಗ್ಗೆ ಕೋಳಿ ಗೂಡಿನ ಬಾಗಿಲು ತೆಗೆದ ತಕ್ಷಣ ಎಲ್ಲವೂ ದಬದಬ ಅಂತ ಹೊರಗೆ ಓಡುತ್ತವೆ. ಒಂದು ಮಾತ್ರ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು, ಕತ್ತು ಒಳಗೆ ಎಳೆದುಕೊಂಡು, ಕಣ್ಣು ಮುಚ್ಚಿ ಕೂತಿರುತ್ತೆ. ಕಾಳು ಹಾಕಿದರೂ ಎದ್ದು ಬರಲ್ಲ.

"ಒಂದು ಕೋಳಿ ತಾನೇ, ಅದಕ್ಕೇನು ಡಾಕ್ಟ್ರು" ಅಂತ ಸುಮ್ಮನಾಗುವವರೇ ಜಾಸ್ತಿ. ಆದ್ರೆ ಐದಾರು ಹೇಟೆ ಇರುವ ಮನೆಯಲ್ಲಿ ಮೊಟ್ಟೆ ದುಡ್ಡು ಅಂದ್ರೆ ಹೆಂಗಸರ ಕೈಖರ್ಚು, ಮಕ್ಕಳ ಬಸ್ ಚಾರ್ಜು. ಒಂದು ಹೇಟೆ ಹೋದ್ರೆ ಅದು ಕಾವಿಗೆ ಕೂತು ಎಬ್ಬಿಸಬೇಕಿದ್ದ ಮರಿಗಳೂ ಹೋದಂಗೆ. ಅಂಟುರೋಗ ಆಗಿದ್ರೆ ಬೀದಿಯ ಕೋಳಿಗಳೆಲ್ಲ ಹೋಗಬಹುದು.

ಇದನ್ನ ಬರೆಯೋಕೆ ಒಂದು ಕಾರಣ ಇದೆ. ನಮ್ಮನೇಲಿ ಅಜ್ಜಿ ಸಾಕಿದ್ದ ಒಂದು ಕೆಂಪು ಹೇಟೆ ಹೀಗೇ ಮಂಕಾಗಿತ್ತು. ನಾನೇ ಅದರ ಕೊಕ್ಕು ಬಿಡಿಸಿ, ಮೆಣಸಿನ ಕಷಾಯ ಚಮಚದಲ್ಲಿ ಗಂಟಲಿಗೆ ಸುರಿದೆ. ಎರಡು ಸಲ ಒದ್ದಾಡಿತು, ಕೈಯಲ್ಲೇ ಹೋಯ್ತು. ಆಮೇಲೆ ಪಶುವೈದ್ಯರ ಹತ್ರ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಗಂಟಲಿಗೆ ಸುರಿದ್ರಾ?" ಅದು ಸತ್ತಿದ್ದು ಚಳಿಗಲ್ಲ, ರೋಗಕ್ಕೂ ಅಲ್ಲ, ನನ್ನ ಚಮಚಕ್ಕೆ. ಆ ತಪ್ಪು ಇನ್ನೊಬ್ಬರು ಮಾಡಬಾರದು ಅಂತ ಈ ಮಾಹಿತಿ.

ಚಳಿಯಿಂದಲೇ ರೋಗ ಬರುತ್ತಾ?

ಆರೋಗ್ಯವಾಗಿರುವ ದೊಡ್ಡ ಕೋಳಿಗೆ ನಮ್ಮ ಕಡೆಯ ಚಳಿ ದೊಡ್ಡ ವಿಷಯವಲ್ಲ. ಅದರ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ನಾಲ್ಕು ಡಿಗ್ರಿ ಜಾಸ್ತಿ. ಪುಕ್ಕದ ಮಧ್ಯೆ ಗಾಳಿ ಹಿಡಿದಿಟ್ಟುಕೊಂಡು ಆ ಬಿಸಿ ಕಾಪಾಡಿಕೊಳ್ಳುತ್ತೆ. ಅದಕ್ಕೇ ನಾವು ಮುಟ್ಟಿದಾಗ ಚೆನ್ನಾಗಿರೋ ಕೋಳಿಯೂ ಬಿಸಿಯಾಗೇ ಇರುತ್ತೆ. "ಮೈ ಸುಡ್ತಿದೆ, ಜ್ವರ ಬಂದಿದೆ" ಅನ್ನೋದು ಕೈಯಲ್ಲಿ ಮುಟ್ಟಿ ಹೇಳುವ ಮಾತಲ್ಲ.

ತೊಂದರೆ ಆಗೋದು ಕೋಳಿಗೆ ಮೊದಲೇ ಏನೋ ಆಗಿದ್ದಾಗ. ಹುಷಾರಿಲ್ಲದ ಕೋಳಿ ಮೇವು ಬಿಡುತ್ತೆ. ಮೇವಿಲ್ಲದೆ ಮೈ ಬಿಸಿ ಉಳಿಯಲ್ಲ. ಇದ್ದ ಶಕ್ತಿಯೆಲ್ಲ ಬೆಚ್ಚಗಿರೋಕೇ ಖರ್ಚಾಗಿ, ರೋಗದ ಜೊತೆ ಹೋರಾಡೋಕೆ ಏನೂ ಉಳಿಯಲ್ಲ. ರಾತ್ರಿ ಮಂಕಾಗಿದ್ದ ಕೋಳಿ ಬೆಳಗ್ಗೆ ಸತ್ತುಬಿದ್ದಿರೋದು ಬಹಳ ಸಲ ಹೀಗೆ.

ಇನ್ನೊಂದು ವಿಷಯ. ಕೋಳಿ ತನ್ನ ಕಾಯಿಲೆಯನ್ನ ಮುಚ್ಚಿಡುತ್ತೆ. ಗುಂಪಿನಲ್ಲಿ ಸೋತಂತೆ ಕಂಡರೆ ಬೇರೆ ಕೋಳಿಗಳೇ ಕುಕ್ಕುತ್ತವೆ, ನಾಯಿ-ಬೆಕ್ಕು ಕಣ್ಣು ಹಾಕುತ್ತವೆ. ಹಾಗಾಗಿ ನಮಗೆ ಕಾಣುವಷ್ಟು ಮಂಕಾಗಿದೆ ಅಂದ್ರೆ ಒಂದೆರಡು ದಿನದಿಂದಲೇ ಹುಷಾರಿಲ್ಲ ಅಂತ ಲೆಕ್ಕ. "ನಾಳೆ ನೋಡೋಣ" ಅನ್ನೋಕೆ ಟೈಮ್ ಇರಲ್ಲ.

ಮೊದಲು ಬೇರೆ ಮಾಡಿ, ಬೆಚ್ಚಗಿಡಿ

ಯಾವ ರೋಗ ಅಂತ ಆಮೇಲೆ ನೋಡೋಣ. ಮೊದಲು ಆ ಕೋಳಿಯನ್ನ ಗುಂಪಿನಿಂದ ತೆಗೆಯಿರಿ. ದೊಡ್ಡ ರಟ್ಟಿನ ಡಬ್ಬ ಅಥವಾ ಬಿದಿರಿನ ಬುಟ್ಟಿ ಸಾಕು. ಕೆಳಗೆ ಗೋಣಿಚೀಲ, ಮೇಲೆ ಒಣಗಿದ ಹುಲ್ಲು ಹಾಸಿ. ಒದ್ದೆಯಾದ ಹುಲ್ಲನ್ನ ಆಗಾಗ ಬದಲಿಸಿ. ಗಾಳಿ ನೇರವಾಗಿ ಬೀಸದ, ಹೊಗೆ ಇಲ್ಲದ ಜಾಗದಲ್ಲಿಡಿ.

ಶಾಖಕ್ಕೆ 60 ವ್ಯಾಟಿನ ಹಳೇ ತಂತಿ ಬಲ್ಬು ಒಳ್ಳೇದು. ಎಲ್‌ಇಡಿ ಬಲ್ಬು ಹಾಕಿದ್ರೆ ಬೆಳಕು ಬರುತ್ತೆ, ಶಾಖ ಬರಲ್ಲ. ಬಲ್ಬನ್ನ ಕೋಳಿಯಿಂದ ಒಂದೂವರೆ ಅಡಿ ದೂರದಲ್ಲಿ, ಡಬ್ಬದ ಒಂದೇ ಮೂಲೆಗೆ ಬರುವಂತೆ ಗಟ್ಟಿಯಾಗಿ ಕಟ್ಟಿ. ಇನ್ನೊಂದು ಮೂಲೆ ತಣ್ಣಗಿರಲಿ, ಸೆಕೆ ಆದ್ರೆ ಕೋಳಿ ತಾನೇ ಆ ಕಡೆ ಸರಿಯುತ್ತೆ. ರೆಕ್ಕೆ ಮೈಯಿಂದ ದೂರ ಹಿಡಿದು ಬಾಯಿ ಕಳೆದು ಏದುಸಿರು ಬಿಡ್ತಿದ್ರೆ ಬಿಸಿ ಜಾಸ್ತಿಯಾಗಿದೆ ಅಂತ. ಬಲ್ಬು ಹುಲ್ಲಿಗಾಗಲಿ, ರಟ್ಟಿಗಾಗಲಿ ತಾಗಬಾರದು, ಬೆಂಕಿ ಹತ್ತುತ್ತೆ.

ಕರೆಂಟ್ ಹೋದ್ರೆ? ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ. ಮುಚ್ಚಿದ ರೂಮಿನಲ್ಲಿ ಕೆಂಡದ ಬಾಣಲೆ ಮಾತ್ರ ಇಡಲೇಬೇಡಿ. ಆ ಗಾಳಿ ಕೋಳಿಗಿರಲಿ, ಅಲ್ಲಿ ಮಲಗುವ ಮನುಷ್ಯರ ಜೀವಕ್ಕೇ ಅಪಾಯ.

ಮೊದಲು ನೀರು, ಆಮೇಲೆ ಮೇವು

ಚಳಿಗೆ ನೀರು ತಣ್ಣಗೆ ಕೊರೆಯುತ್ತಿದ್ದರೆ ಹುಷಾರಿಲ್ಲದ ಕೋಳಿ ಕುಡಿಯೋದು ಕಮ್ಮಿ. ಉಗುರುಬೆಚ್ಚಗಿನ ನೀರಿಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ಟನ್ನ ಒಂದು ಲೀಟರ್ ನೀರಿಗೆ ಕಲಸಿ, ಅದರಲ್ಲಿ ಸ್ವಲ್ಪ ಸ್ವಲ್ಪ ಬಟ್ಟಲಿಗೆ ಹಾಕಬಹುದು. ಅದು ಇಲ್ಲದಿದ್ರೆ ಲೀಟರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ದಿನ ಕಳೆದ ಮೇಲೆ ಉಳಿದಿದ್ದು ಚೆಲ್ಲಿ, ಹೊಸದು ಮಾಡಿ.

ತಾನೇ ಕುಡಿಯದಿದ್ರೆ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಮುಟ್ಟಿಸಿ, ಅದು ನುಂಗಿದ ಮೇಲೆ ಇನ್ನೊಂದು. ಕೋಳಿಯ ಉಸಿರಿನ ದಾರಿ ನಾಲಿಗೆಯ ಹಿಂದೆಯೇ ತೆರೆದುಕೊಳ್ಳುತ್ತೆ. ಕೊಕ್ಕು ಬಿಡಿಸಿ ಸುರಿದ್ರೆ ನೀರು ಸೀದಾ ಶ್ವಾಸಕೋಶಕ್ಕೆ. ನಾನು ಮಾಡಿದ್ದು ಇದೇ. ಕತ್ತು ಎತ್ತಲಾಗದೆ ಬಿದ್ದಿರೋ ಕೋಳಿಗಂತೂ ಬಾಯಿಗೆ ಏನೂ ಹಾಕಬೇಡಿ.

ನೀರು ಕುಡಿದು ಸ್ವಲ್ಪ ಚೇತರಿಸಿಕೊಂಡ ಮೇಲೆ ಮೆತ್ತಗಿನ ಮೇವು: ಬೇಯಿಸಿದ ಮೊಟ್ಟೆ ಕಿವುಚಿದ್ದು, ಮೆತ್ತಗಿನ ಅನ್ನ, ಕೋಳಿ ಫೀಡ್ ಬಿಸಿನೀರಲ್ಲಿ ನೆನೆಸಿದ್ದು. ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕೈದು ಸಲ.

ಕೈಯಲ್ಲಿ ಹಿಡಿದು ನೋಡಿ

ಕೋಳಿ ಬೆಚ್ಚಗಾದ ಮೇಲೆ ಮೆಲ್ಲಗೆ ಹಿಡಿದು ಇಷ್ಟು ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಮೇವಿನ ಚೀಲ: ಕತ್ತಿನ ಬುಡದಲ್ಲಿ, ಎದೆಯ ಬಲಗಡೆಗೆ ಇರುತ್ತೆ. ಸಂಜೆ ತುಂಬಿರಬೇಕು, ಬೆಳಗ್ಗೆ ಖಾಲಿ ಇರಬೇಕು. ಬೆಳಗ್ಗೆಯೂ ಕಲ್ಲಿನಂತೆ ಗಟ್ಟಿ ಇದ್ರೆ ಮೇವು ಕಟ್ಟಿಕೊಂಡಿದೆ. ಬಲೂನಿನಂತೆ ಮೆತ್ತಗಿದ್ದು ಬಾಯಿಂದ ಹುಳಿ ವಾಸನೆ ಬಂದ್ರೆ ಒಳಗೆ ಹುಳಿತಿದೆ. ಎರಡರಲ್ಲೂ ಮೇವು ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ತಲೆಕೆಳಗೆ ಹಿಡಿದು ವಾಂತಿ ಮಾಡಿಸೋಕೆ ಹೋಗಬೇಡಿ.

ಎದೆ ಮೂಳೆ: ಚಾಕುವಿನ ಅಂಚಿನಂತೆ ಚೂಪಾಗಿ ಕೈಗೆ ಸಿಕ್ಕರೆ ಕೋಳಿ ಬಹಳ ದಿನದಿಂದ ಸೊರಗಿದೆ. ಹೊಟ್ಟೆಹುಳ ಅಥವಾ ಹಳೇ ಕಾಯಿಲೆ ಇರಬಹುದು.

ಪುಕ್ಕದ ಬುಡ: ರೆಕ್ಕೆ ಕೆಳಗೆ, ಹಿಂಭಾಗದ ಸುತ್ತ ಹೇನು ಇದೆಯಾ ನೋಡಿ. ಕೆಂಪು ಉಣ್ಣಿಯಂಥ ನುಸಿ ಹಗಲು ಗೂಡಿನ ಸಂದಿಯಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತೆ. ಜುಟ್ಟು ಬಿಳಿಚಿಕೊಂಡಿದ್ರೆ ರಾತ್ರಿ ಟಾರ್ಚ್ ಹಿಡಿದು ಗೂಡು ನೋಡಿ.

ಹಿಂಭಾಗ: ಹೇಟೆ ಕಾಲು ಅಗಲ ಮಾಡಿ ತಿಣುಕುತ್ತಾ ಪದೇಪದೇ ಕೂರ್ತಿದ್ರೆ ಮೊಟ್ಟೆ ಸಿಕ್ಕಿಹಾಕಿಕೊಂಡಿರಬಹುದು. ಬೆಚ್ಚನೆ ನೀರಿನ ಬೋಗುಣಿಯಲ್ಲಿ ಹಿಂಭಾಗ ಮುಳುಗುವಂತೆ 15-20 ನಿಮಿಷ ಕೂರಿಸಿ. ಆಮೇಲೆ ಪೂರ್ತಿ ಒಣಗಿಸಿಯೇ ಬಿಡಬೇಕು, ಚಳಿಯಲ್ಲಿ ಒದ್ದೆ ಕೋಳಿ ಬದುಕೋದು ಕಷ್ಟ. ಹೊಟ್ಟೆ ಒತ್ತಿ ಮೊಟ್ಟೆ ತೆಗೆಯೋಕೆ ಹೋಗಬೇಡಿ, ಒಳಗೇ ಒಡೆದ್ರೆ ಕೋಳಿ ಉಳಿಯಲ್ಲ. ಅದೇ ದಿನ ಮೊಟ್ಟೆ ಬರದಿದ್ರೆ ಆಸ್ಪತ್ರೆಗೆ ಹೋಗಿ.

ಈ ಲಕ್ಷಣ ಕಂಡರೆ ತಡ ಮಾಡ್ಬೇಡಿ

ಹಸಿರು ಭೇದಿ, ಬಾಯಿ ಕಳೆದು ಉಸಿರಾಟ, ರೆಕ್ಕೆ-ಕಾಲು ಬಿದ್ದುಹೋಗೋದು, ಕತ್ತು ತಿರುಚಿಕೊಳ್ಳೋದು: ಇದು ಕೊಕ್ಕರೆ ರೋಗದ ಲಕ್ಷಣ. ಉತ್ತರಾಖಂಡದ ರಾಣಿಖೇತ್ ಊರಿನ ಹೆಸರಲ್ಲಿ ರಾಣಿಖೇತ್ ರೋಗ ಅಂತಲೂ ಕರೀತಾರೆ. ಇದು ವೈರಸ್, ಬಂದ ಮೇಲೆ ಔಷಧಿ ಇಲ್ಲ. ಲಸಿಕೆ ಒಂದೇ ದಾರಿ.

ಮುಖ, ಕಣ್ಣಿನ ಸುತ್ತ ಊತ, ಮೂಗಿನಿಂದ ಕೆಟ್ಟ ವಾಸನೆಯ ಸಿಂಬಳ: ಇದು ಬ್ಯಾಕ್ಟೀರಿಯಾದಿಂದ ಬರುವ ನೆಗಡಿ ರೋಗ ಆಗಿರಬಹುದು. ಬೇಗ ತೋರಿಸಿದ್ರೆ ಚಿಕಿತ್ಸೆ ಇದೆ, ಆದ್ರೆ ವಾಸಿಯಾದ ಕೋಳಿಯಿಂದಲೂ ಬೇರೆಯವಕ್ಕೆ ಹರಡಬಹುದು.

ಹಿಕ್ಕೆಯಲ್ಲಿ ರಕ್ತ, ಅದೂ ಮರಿಗಳಲ್ಲಿ: ಒದ್ದೆ ನೆಲದಿಂದ ಹರಡುವ ರಕ್ತಭೇದಿ. ಇದಕ್ಕೆ ಔಷಧಿ ಇದೆ.

ಜುಟ್ಟು, ಕಣ್ಣಿನ ಸುತ್ತ ಕಪ್ಪು ಗುಳ್ಳೆ: ಸಿಡುಬು. ಸೊಳ್ಳೆಯಿಂದ ಹರಡುತ್ತೆ.

ತೋಟಕ್ಕೆ ಔಷಧಿ ಹೊಡೆದ ದಿನ ಅಥವಾ ಔಷಧಿ ಸವರಿದ ಬೀಜ ಹಾಕಿದ ದಿನವೇ ಕೋಳಿಗಳು ಬಿದ್ದರೆ ವಿಷ ಅಂತ ಅನುಮಾನ ಪಡಿ. ತರಕಾರಿ, ದ್ರಾಕ್ಷಿ ತೋಟಗಳ ಪಕ್ಕದ ಮನೆಯವರು ಇದನ್ನ ಮರೀಬಾರ್ದು.

ಒಂದು ಸಮಾಧಾನದ ಮಾತು: ಚಳಿಗಾಲದಲ್ಲಿ ಮೊಟ್ಟೆ ನಿಂತ ಮಾತ್ರಕ್ಕೆ ರೋಗ ಅಲ್ಲ. ಡಿಸೆಂಬರಿನಲ್ಲಿ ನಮ್ಮ ಕಡೆ ಹಗಲು ಇರೋದು ಸುಮಾರು 11 ಗಂಟೆ 20 ನಿಮಿಷ. ಚೆನ್ನಾಗಿ ಮೊಟ್ಟೆ ಇಡೋಕೆ ಕೋಳಿಗೆ 14 ಗಂಟೆಗಿಂತ ಜಾಸ್ತಿ ಬೆಳಕು ಬೇಕು. ಪುಕ್ಕ ಉದುರಿಸಿ ಹೊಸದು ಬರಿಸಿಕೊಳ್ಳುವ ಕೋಳಿಯೂ ಮೊಟ್ಟೆ ನಿಲ್ಲಿಸುತ್ತೆ. ಮೇಯುತ್ತಾ ಓಡಾಡ್ತಿದ್ರೆ ಚಿಂತೆ ಬೇಡ.

ಇವು ಮಾತ್ರ ಬೇಡ

- ಮನುಷ್ಯರ ಜ್ವರದ ಮಾತ್ರೆ, ಮನೇಲಿ ಉಳಿದ ಆಂಟಿಬಯಾಟಿಕ್ ಮಾತ್ರೆ. ಡೋಸ್ ಗೊತ್ತಿಲ್ಲದೆ ಕೊಟ್ರೆ ರೋಗವೂ ಹೋಗಲ್ಲ, ಔಷಧಿ ಮೊಟ್ಟೆಯಲ್ಲಿ ನಮ್ಮ ಹೊಟ್ಟೆಗೂ ಬರುತ್ತೆ. ಡಾಕ್ಟರು ಔಷಧಿ ಕೊಟ್ಟಾಗ "ಎಷ್ಟು ದಿನ ಮೊಟ್ಟೆ ತಿನ್ನಬಾರ್ದು" ಅಂತ ಕೇಳಿಕೊಳ್ಳಿ.
- ಸೀಮೆಎಣ್ಣೆ ಸವರೋದು, ಬ್ರಾಂದಿ ಕುಡಿಸೋದು.
- ಅರಿಶಿನ, ಬೆಳ್ಳುಳ್ಳಿಯನ್ನ ಮೇವಿಗೆ ಚಿಟಿಕೆ ಬೆರೆಸಿದ್ರೆ ತೊಂದರೆ ಇಲ್ಲ. ಆದ್ರೆ ಅದನ್ನೇ ನಂಬಿ ಕೂತು ಎರಡು ದಿನ ಕಳೀಬೇಡಿ.
- ಮಂಕಾದ ಕೋಳಿಯನ್ನ ಸಂತೆಗೆ ಒಯ್ದು ಮಾರೋದು. "ಸಾಯೋದಕ್ಕಿಂತ ಮುಂಚೆ ಬಂದಷ್ಟು ಬರಲಿ" ಅನ್ನೋರು ಎಲ್ಲಾ ಊರಲ್ಲೂ ಇದ್ದಾರೆ. ಆ ಒಂದು ಕೋಳಿ ಹತ್ತು ಊರಿಗೆ ರೋಗ ಹಂಚುತ್ತೆ.
- ರೋಗದಿಂದ ಸತ್ತ ಕೋಳಿ ಸಾರು ಮಾಡೋದು, ಕೆರೆಗೆ, ಕಾಲುವೆಗೆ ಎಸೆಯೋದು. ಮೂರಡಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಿ.

ಒಂದಲ್ಲ, ಹಲವು ಸತ್ತರೆ

2025ರ ಆರಂಭದಲ್ಲಿ ನಮ್ಮದೇ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ದೃಢಪಟ್ಟು, ಊರಿನ ಕೋಳಿಗಳನ್ನ ಕೊಲ್ಲಬೇಕಾಯ್ತು. ಆ ನೆನಪಿಗೆ ಹೆದರಿ ಈಗ ಕೋಳಿ ಸತ್ತರೆ ಹೇಳಿಕೊಳ್ಳದೆ ಮುಚ್ಚಿಡೋ ಜನ ಇದ್ದಾರೆ. ಅದು ತಪ್ಪು ಲೆಕ್ಕ. ಹಕ್ಕಿಜ್ವರ ಬಂದಾಗ ಸರ್ಕಾರದ ಪರಿಹಾರ ಸಿಗೋದು ಅಧಿಕಾರಿಗಳು ಕೊಲ್ಲಿಸಿದ ಕೋಳಿಗೆ, ಅದಕ್ಕೂ ಮೊದಲೇ ಸತ್ತಿದ್ದಕ್ಕಲ್ಲ. ಜೊತೆಗೆ ಈ ರೋಗ ಅಪರೂಪಕ್ಕಾದ್ರೂ ಮನುಷ್ಯರಿಗೆ ಬರುತ್ತೆ.

ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ, ಜುಟ್ಟು-ಕಾಲು ನೀಲಿಯಾಗಿದ್ರೆ, ಕಾಗೆ-ಕೊಕ್ಕರೆಗಳೂ ಸತ್ತುಬಿದ್ದಿದ್ರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನ ಹತ್ರ ಬಿಡಬೇಡಿ. ತಕ್ಷಣ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಒಂದೇ ಕೋಳಿ ಇದ್ದರೂ ಆಸ್ಪತ್ರೆಗೆ ಒಯ್ಯೋಕೆ ನಾಚಿಕೆ ಬೇಡ. ಹಸು-ಎಮ್ಮೆ ಸಾಲಿನಲ್ಲಿ ಬುಟ್ಟಿ ಹಿಡಿದು ನಿಂತ್ರೆ ಜನ ನಗಬಹುದು, ನಗಲಿ. ಯಾವ ರೋಗ ಅಂತ ಗೊತ್ತಾದ್ರೆ ಉಳಿದ ಕೋಳಿಗಳಾದ್ರೂ ಉಳೀತವೆ.

ಹುಷಾರಾದ ಮೇಲೆ

ಕೋಳಿ ತಾನೇ ಮೇಯೋಕೆ ಶುರು ಮಾಡಿ, ಹಿಕ್ಕೆ ಸರಿಯಾದ ಮೇಲೆ ಬಲ್ಬಿನ ಹೊತ್ತನ್ನ ದಿನದಿನಕ್ಕೆ ಕಮ್ಮಿ ಮಾಡಿ. ಬಿಸಿಯಿಂದ ತೆಗೆದು ಸೀದಾ ಮಂಜಿಗೆ ಬಿಡಬೇಡಿ. ಎರಡು ಮೂರು ದಿನ ಶಾಖವಿಲ್ಲದೆ ಚೆನ್ನಾಗಿದ್ರೆ, ಸಂಜೆ ಕತ್ತಲಾಗುವ ಹೊತ್ತಿಗೆ ಗೂಡಿಗೆ ಸೇರಿಸಿ. ಹಗಲಲ್ಲಿ ಬಿಟ್ರೆ ಬೇರೆಯವು ಹೊಸ ಕೋಳಿ ಅಂತ ಕುಕ್ಕುತ್ತವೆ.

ಗೂಡಿಗೆ ಟಾರ್ಪಾಲ್ ಸುತ್ತಿ ಪೂರ್ತಿ ಮುಚ್ಚಿಬಿಡೋದು ದೊಡ್ಡ ತಪ್ಪು. ಹಿಕ್ಕೆಯ ಘಾಟು ಒಳಗೇ ನಿಂತು ಉಸಿರಾಟದ ಕಾಯಿಲೆ ಬರುತ್ತೆ. ಕೋಳಿ ಕೂರುವ ಮಟ್ಟದಲ್ಲಿ ಗಾಳಿ ಬರದಂತೆ ಕಟ್ಟಿ, ಮೇಲ್ಗಡೆ ಗೇಣಗಲ ಬಿಡಿ. ಸಂಜೆ ಗೂಡಿಗೆ ಸೇರಿಸುವ ಮುಂಚೆ ಒಂದು ಹಿಡಿ ಮುಸುಕಿನ ಜೋಳ ಹಾಕಿದ್ರೆ ರಾತ್ರಿಯೆಲ್ಲ ಮೈ ಬೆಚ್ಚಗಿರುತ್ತೆ.

ಕೊಕ್ಕರೆ ರೋಗದ ಲಸಿಕೆಯನ್ನ ಮರಿ ಒಂದು ವಾರದ್ದಾಗುವಾಗ ಕಣ್ಣಿಗೆ ಹನಿ ಹಾಕಿ, ಎಂಟರಿಂದ ಹತ್ತು ವಾರಕ್ಕೆ ಸೂಜಿಯಲ್ಲಿ ಹಾಕಿಸಬೇಕು. ಮಧ್ಯದ ಬೂಸ್ಟರ್ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಿ. ಒಂದು ಬಾಟಲಿಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಲಸಿಕೆ ಇರುತ್ತೆ, ತೆರೆದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಒಬ್ಬರೇ ಹೋಗೋದಕ್ಕಿಂತ ಬೀದಿಯವರೆಲ್ಲ ಮಾತಾಡಿಕೊಂಡು ಒಂದು ದಿನ ಗೊತ್ತು ಮಾಡಿ. ಹುಷಾರಿಲ್ಲದ ಕೋಳಿಗೆ ಆಗ ಹಾಕಿಸಬೇಡಿ. ಕೋಳಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯೋದು ಎಲ್ಲಕ್ಕಿಂತ ಮೊದಲು.

ನಮ್ಮನೇಲಿ ಆ ಕೆಂಪು ಹೇಟೆಯ ಎರಡು ಮರಿ ಈಗ ದೊಡ್ಡವಾಗಿವೆ. ಅಜ್ಜಿ ಪ್ರತಿ ಬೆಳಗ್ಗೆ ಗೂಡು ತೆಗೆದಾಗ ಎಣಿಸ್ತಾರೆ. ಯಾವುದು ಕೊನೆಗೆ ಬಂತು ಅಂತ ನೋಡ್ತಾರೆ. ನೀವೂ ನಾಳೆ ಬೆಳಗ್ಗೆ ಅಷ್ಟು ಮಾಡಿ. ಕೊನೆಗೆ ಬಂದದ್ದನ್ನ ಒಂದು ನಿಮಿಷ ನಿಂತು ನೋಡಿ.