ಗುಜರಿಗೆ ಹೋದ ಟ್ರಂಕು

ಗೋವೆಯ ಮುರಗಾಂವ್ ಬಂದರಿನ ಮೇಲ್ಗಡೆಯ ಗುಡ್ಡಕ್ಕೆ ಸಡಾ ಎಂದು ಹೆಸರು. ಬಂದರಿನ ಕೆಲಸಕ್ಕೆ ಬಂದು ಅಲ್ಲೇ ನೆಲೆಸಿದ ಕನ್ನಡದ ಸಂಸಾರಗಳಲ್ಲಿ ನಮ್ಮ ಭಾವನವರದೂ ಒಂದು. ಕಳೆದ ರಜೆಯಲ್ಲಿ ಕಾಸರಗೋಡಿನಲ್ಲಿ ರೈಲು ಹತ್ತಿ, ಮಡಗಾಂವಿನಲ್ಲಿಳಿದು ಅವರಲ್ಲಿಗೆ ಹೋಗಿದ್ದೆವು. ಊಟವಾದ ಮೇಲೆ ಭಾವ ಕೈ ತೊಳೆದು, ಚೆನ್ನಾಗಿ ಒರಸಿಕೊಂಡು, ಪಂಚೆಯಲ್ಲಿ ಸುತ್ತಿಟ್ಟಿದ್ದ ಒಂದು ಗ್ರಂಥವನ್ನು ತಂದು ಚಾಪೆಯ ಮೇಲಿಟ್ಟರು. ಮಡಿಲಲ್ಲಿಟ್ಟು ಓದುವಂಥದ್ದಲ್ಲ, ಅಷ್ಟು ಭಾರ.

"ಆ ದುಡ್ಡಿಗೆ ಒಂದು ಮಿಕ್ಸಿ ಬರುತ್ತಿತ್ತು" ಎಂದು ಅಕ್ಕ ಒಳಗಿನಿಂದಲೇ ಹೇಳಿದರು.

ಅದು ಮಾರಿಯೋ ಮಿರಾಂಡರ ಚಿತ್ರಸಂಪುಟ. 2008ರಲ್ಲಿ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಹೊರತಂದದ್ದು. ಗೋವೆಯ ಈ ಕಲಾವಿದರು (1926–2011) ಶಾಲೆ ಕಲಿತದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ. ಮುಂದೆ ಲಂಡನ್ನಿನಲ್ಲಿ ಕೆಲವು ವರ್ಷ ಇದ್ದರು. ಇಂಗ್ಲೆಂಡಿನ ರೊನಾಲ್ಡ್ ಸರ್ಲ್ ಅವರ ಗೆರೆಗೆ ಮಾರುಹೋದವರು. ಪತ್ರಿಕೆಯಲ್ಲಿ ಅಂಗೈಯಗಲ ಕಂಡಿದ್ದ ಜನಜಂಗುಳಿ ಇಲ್ಲಿ ಪುಟ ತುಂಬ ಹರಡಿದೆ. ಮೂಲೆಯಲ್ಲಿ ಮಲಗಿದ ನಾಯಿಯನ್ನು ನಾವು ಕಂಡದ್ದು ಅಂದೇ ಮೊದಲು.

ಇಂಗ್ಲಿಷರಿಗೆ ಈ ಹುಚ್ಚು ಹಳೆಯದು. 1950ರಲ್ಲಿ ಆರಂಭವಾದ 'ಈಗಲ್' ಎಂಬ ಮಕ್ಕಳ ವಾರಪತ್ರಿಕೆಗೆ 'ಡ್ಯಾನ್ ಡೇರ್' ಚಿತ್ರಿಸುವಾಗ ಫ್ರಾಂಕ್ ಹ್ಯಾಂಪ್ಸನ್ ಸಹಾಯಕರಿಗೆ ವೇಷ ಹಾಕಿಸಿ ಫೋಟೋ ತೆಗೆಸುತ್ತಿದ್ದರು, ವ್ಯೋಮನೌಕೆಯ ಮಾದರಿ ಮಾಡಿಸಿ ನೋಡಿ ಬರೆಯುತ್ತಿದ್ದರು. ಹುಡುಗರು ಓದಿ ಎಸೆಯುವ ಹಾಳೆಗೆ ಇಷ್ಟು ಶ್ರಮ! ಅದೇ ಪತ್ರಿಕೆಯಲ್ಲಿ ಫ್ರಾಂಕ್ ಬೆಲಮಿ 1962ರಿಂದ ಬರೆದ 'ಹೀರೋಸ್ ದ ಸ್ಪಾರ್ಟನ್' 2013ರಲ್ಲಿ ದೊಡ್ಡ ಅಳತೆಯ ಪುಸ್ತಕವಾಯಿತು. ಬೆಲಮಿ 1971ರಿಂದ ಚಿತ್ರಿಸಿದ 'ಗಾರ್ತ್' ನಮ್ಮವರಿಗೂ ಗೊತ್ತು. ಆ ನಾಯಕನ ಕಥೆಗಳು ಇಂದ್ರಜಾಲ ಕಾಮಿಕ್ಸಿನಲ್ಲಿ ಬಂದಿದ್ದವು. ಪತ್ರಿಕೆಯ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿ ಅದು ಹಳದಿಯಾಗಿ, ಕೊನೆಗೆ ಮುಟ್ಟಿದರೆ ಹುಡಿ. ನಮ್ಮೂರಿನ ಮಳೆಗಾಲ, ಗೆದ್ದಲು ಸೇರಿದರಂತೂ ಕೇಳುವುದೇ ಬೇಡ. ಒಳ್ಳೆಯ ಕಾಗದದ ಮೇಲೆ ಮತ್ತೆ ಅಚ್ಚಾದರೆ ಗೆರೆ ಉಳಿಯಿತು.

"ನನ್ನ ಟ್ರಂಕು ಅಟ್ಟದಲ್ಲಿ ಉಂಟೋ ಮಾಷ್ಟ್ರೇ?" ಭಾವ ಕೇಳಿಯೇ ಬಿಟ್ಟರು.

ನಾವು ಪುಟ ತಿರುಗಿಸುತ್ತ ಕುಳಿತೆವು. ಕೆಲಸ ಸಿಕ್ಕಿ ಗೋವೆಗೆ ಹೊರಟಾಗ ಅವರು ನಮ್ಮಲ್ಲಿಟ್ಟು ಹೋದ ಟ್ರಂಕು ಅದು. ಒಳಗೆ ಕನ್ನಡದ ಇಂದ್ರಜಾಲಗಳು, ಅವರ ತಂದೆ ಕೂಡಿಟ್ಟಿದ್ದ 'ಕೊರವಂಜಿ'ಗಳು. 1942ರಲ್ಲಿ ರಾಶಿಯವರು ಆರಂಭಿಸಿದ ಆ ಪತ್ರಿಕೆಗೆ ಆರ್.ಕೆ. ಲಕ್ಷ್ಮಣ್ ವಿದ್ಯಾರ್ಥಿಯಾಗಿದ್ದಾಗಲೇ ಚಿತ್ರ ಬರೆದಿದ್ದರು. ಮನೆಯ ಹೆಂಚು ಬದಲಿಸಿದ ವರ್ಷ ಎಲ್ಲವನ್ನೂ ಗುಜರಿಯವನಿಗೆ ತೂಗಿ ಕೊಟ್ಟವರು ನಾವೇ. ಆಗಷ್ಟೇ ಟಿ.ಸಿ.ಎಚ್. ಮುಗಿಸಿದ್ದ ನಮಗೆ, ಕಾಮಿಕ್ಸಿನಿಂದ ಮಕ್ಕಳ ಭಾಷೆ ಕೆಡುತ್ತದೆಂಬ ದೊಡ್ಡ ನಂಬಿಕೆ. ಸುತ್ತಲೂ ಮಲಯಾಳವಿದ್ದ ಪೇಟೆಯಲ್ಲಿ ಭಾವನಿಗೆ ಕನ್ನಡ ಓದುವ ರುಚಿ ಹಿಡಿಸಿದ್ದು ನಮ್ಮಂಥ ಮಾಷ್ಟ್ರುಗಳಲ್ಲ, ಆ ಟ್ರಂಕು.

ವಿಷಯ ಹೇಳಿದೆವು. ಭಾವ ಬೈಯಲಿಲ್ಲ. "ಮೊಮ್ಮಗನಿಗೆ ಬೇಕಿತ್ತು" ಎಂದರು, ಅಷ್ಟೆ.

ಆ ಹುಡುಗನಿಗೆ ಬೀದಿಯಲ್ಲಿ ಕೊಂಕಣಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಅಕ್ಷರ ಕೂಡಿಸಿ ಓದುತ್ತಾನೆ. ಹಾಗಾಗಿ ಸಂಜೆ ಅಜ್ಜ ಮಾರಿಯೋ ಗ್ರಂಥ ತೆರೆದು, ಚಿತ್ರದಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಕನ್ನಡದಲ್ಲೇ ಹೇಳಿಸುತ್ತಾರೆ. ಒಂದು ಪುಟಕ್ಕೆ ಅರ್ಧ ಗಂಟೆ ಬೇಕು. ನಾಯಿಯ ಕಥೆಯನ್ನು ಅವನು ದಿನಕ್ಕೊಂದು ರೀತಿ ಹೇಳುತ್ತಾನಂತೆ.

ಓದುಗರಲ್ಲಿ ಯಾರ ಅಟ್ಟದಲ್ಲಾದರೂ ಹಳೆಯ ಇಂದ್ರಜಾಲ, ಕೊರವಂಜಿ ಉಳಿದಿದ್ದರೆ ತೂಗಿ ಕೊಡುವ ಮೊದಲು ನಮಗೊಂದು ಮಾತು ತಿಳಿಸಿ. ಸಡಾಕ್ಕೆ ಮುಟ್ಟಿಸುವ ಹೊಣೆ ನಮ್ಮದು.