ಪವಿತ್ರ ವರ್ಷದ ದಂಡ ಮನ್ನಾ

2026ರ ಜನವರಿ 6ರಂದು ರೋಮಿನ ಸಂತ ಪೇತ್ರರ ಮಹಾದೇವಾಲಯದ ‘ಪವಿತ್ರ ದ್ವಾರ’ವನ್ನು ಪೋಪ್ ಹದಿನಾಲ್ಕನೆಯ ಲಿಯೋ ಮುಚ್ಚಿದರು. 2024ರ ಡಿಸೆಂಬರ್ 24ರಂದು ಆ ದ್ವಾರವನ್ನು ತೆರೆದವರು ಪೋಪ್ ಫ್ರಾನ್ಸಿಸ್. ಅವರು 2025ರ ಏಪ್ರಿಲ್ 21ರಂದು ನಿಧನರಾದುದರಿಂದ ಮುಚ್ಚುವ ವಿಧಿ ಉತ್ತರಾಧಿಕಾರಿಯ ಪಾಲಿಗೆ ಬಂತು. ಒಬ್ಬ ಪೋಪರ ಕಾಲದಲ್ಲಿ ಆರಂಭವಾಗಿ ಮತ್ತೊಬ್ಬರ ಕಾಲದಲ್ಲಿ ಮುಗಿದ ಜುಬಿಲಿ ಇದಕ್ಕೆ ಮೊದಲು 1700ರದು. ವ್ಯಾಟಿಕನ್ ಕೊಟ್ಟ ಲೆಕ್ಕದಂತೆ ಮೂರು ಕೋಟಿಗೂ ಹೆಚ್ಚು ಯಾತ್ರಿಕರು ಈ ಅವಧಿಯಲ್ಲಿ ರೋಮ್ ನಗರಕ್ಕೆ ಬಂದು ಹೋದರು.

ನಮ್ಮ ಪತ್ರಿಕೆಗಳಲ್ಲಿ ಈ ಜನಸಂದಣಿಯ ಛಾಯಾಚಿತ್ರಗಳು ಬಂದವು. ಆದರೆ ಅವರೆಲ್ಲ ಏನನ್ನು ಪಡೆಯಲೆಂದು ಆ ಬಾಗಿಲನ್ನು ದಾಟಿದರು ಎಂಬ ಪ್ರಶ್ನೆಯನ್ನು ಯಾರೂ ವಿವರವಾಗಿ ಚರ್ಚಿಸಿದಂತೆ ಕಾಣಲಿಲ್ಲ. ಉತ್ತರ ಒಂದೇ ಪದದಲ್ಲಿದೆ: ಇಂಡಲ್ಜೆನ್ಸ್. ಶಾಲೆಯ ಇತಿಹಾಸ ಪಾಠದಲ್ಲಿ ‘ಪಾಪ ವಿಮೋಚನಾ ಪತ್ರ’ ಎಂದು ನಾವೆಲ್ಲ ಓದಿದ್ದು ಇದನ್ನೇ. ಚರ್ಚು ಅವುಗಳನ್ನು ಮಾರಿತು, ಮಾರ್ಟಿನ್ ಲೂಥರ್ ಪ್ರತಿಭಟಿಸಿದ, ಅಲ್ಲಿಗೆ ಅಧ್ಯಾಯ ಮುಗಿಯಿತು ಎಂಬುದು ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ವಸ್ತುಸ್ಥಿತಿ ಹಾಗಿಲ್ಲ. ನಿಂತದ್ದು ಮಾರಾಟ ಮಾತ್ರ; ಪದ್ಧತಿ ಇಂದಿಗೂ ಉಳಿದಿದೆ. ನಾನು ಆ ಧರ್ಮದ ಅನುಯಾಯಿಯಲ್ಲ. ಆದರೆ ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ವಿನಾಯಿತಿ, ಮನ್ನಾ, ರಿಯಾಯಿತಿಗಳ ಕಡತಗಳನ್ನು ನೋಡಿದವನಿಗೆ ಜಗತ್ತಿನ ಅತ್ಯಂತ ಹಳೆಯ ಮನ್ನಾ ಯೋಜನೆಯೊಂದರ ನಿಯಮಾವಳಿ ಆಸಕ್ತಿ ಹುಟ್ಟಿಸುವುದು ಸಹಜ.

ಮೊದಲು ಮನ್ನಾ ಆಗುವುದು ಯಾವುದು ಎಂಬುದನ್ನು ತಿಳಿಯಬೇಕು. ಪಾಪಕ್ಕೆ ಎರಡು ಮುಖಗಳಿವೆ ಎಂದು ಕಥೋಲಿಕ ಧರ್ಮಶಾಸ್ತ್ರ ಹೇಳುತ್ತದೆ. ಒಂದು, ದೇವರೊಡನೆ ಸಂಬಂಧವನ್ನು ಕಡಿದ ಅಪರಾಧ. ಇದು ಗುರುವಿನ ಮುಂದೆ ಮಾಡುವ ಪಾಪನಿವೇದನೆಯಿಂದ ಕ್ಷಮೆಗೆ ಒಳಗಾಗುತ್ತದೆ. ಎರಡು, ಕ್ಷಮೆ ದೊರೆತ ಮೇಲೆಯೂ ಉಳಿಯುವ ತಾತ್ಕಾಲಿಕ ದಂಡ. ಇದನ್ನು ಇಹದಲ್ಲಿ ತಪಸ್ಸು, ದಾನ, ಪ್ರಾರ್ಥನೆಗಳಿಂದ, ಇಲ್ಲವೆ ಮರಣಾನಂತರ ಶುದ್ಧೀಕರಣದ ಸ್ಥಿತಿಯಲ್ಲಿ ತೀರಿಸಬೇಕು. ಇಲಾಖಾ ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡ ನೌಕರನನ್ನು ಕ್ಷಮಿಸಿ ಸೇವೆಯಲ್ಲಿ ಮುಂದುವರಿಸಿದರೂ ಬೊಕ್ಕಸಕ್ಕಾದ ನಷ್ಟದ ವಸೂಲಿ ಉಳಿದೇ ಇರುವುದನ್ನು ನೆನೆದರೆ ಈ ಭೇದ ಸ್ಥೂಲವಾಗಿ ಅರ್ಥವಾದೀತು. ಇಂಡಲ್ಜೆನ್ಸ್ ಎಂಬುದು ಈ ಎರಡನೆಯ ಬಾಕಿಯ ಮನ್ನಾ, ದಂಡವಿನಾಯಿತಿ ಎನ್ನಬಹುದು. ಅದು ಪಾಪವನ್ನು ಕ್ಷಮಿಸುವುದಿಲ್ಲ, ಮುಂದೆ ಮಾಡಲಿರುವ ಪಾಪಕ್ಕೆ ಪರವಾನಗಿಯಂತೂ ಅಲ್ಲ. ನನ್ನ ಹೋಲಿಕೆ ಒಂದು ಕಡೆ ಕುಂಟುತ್ತದೆ ಎಂಬುದನ್ನೂ ಹೇಳಬೇಕು: ಪರರ ಹಣವನ್ನು ಕದ್ದವನು ಅದನ್ನು ಅವರಿಗೆ ಹಿಂದಿರುಗಿಸಲೇಬೇಕು. ಆ ಹೊಣೆಯಿಂದ ಯಾವ ಇಂಡಲ್ಜೆನ್ಸೂ ಬಿಡುಗಡೆ ಮಾಡದು.

ಈ ಮನ್ನಾಕ್ಕೆ ಸಂಪನ್ಮೂಲ ಎಲ್ಲಿಂದ? ಅರ್ಥಶಾಸ್ತ್ರ ಓದಿದವನು ಕೇಳುವ ಈ ಪ್ರಶ್ನೆಯನ್ನು ಚರ್ಚು 1343ರಲ್ಲಿಯೇ ಕೇಳಿಕೊಂಡು ಉತ್ತರಿಸಿದೆ. ಕ್ರಿಸ್ತನ ಮತ್ತು ಸಂತರ ಪುಣ್ಯಗಳು ಒಂದು ಅಕ್ಷಯ ಭಂಡಾರವಾಗಿವೆ, ಅದರ ಕೀಲಿಕೈ ಚರ್ಚಿನ ಬಳಿ ಇದೆ ಎಂದು ಪೋಪ್ ಆರನೆಯ ಕ್ಲೆಮೆಂಟ್ ಆ ವರ್ಷದ ಆಜ್ಞಾಪತ್ರದಲ್ಲಿ ವಿಧಿಸಿದರು. ಪುಣ್ಯ ಒಬ್ಬರಿಂದ ಇನ್ನೊಬ್ಬರಿಗೆ ಸಲ್ಲುತ್ತದೆಂಬ ಭಾವನೆ ನಮ್ಮ ಓದುಗರಿಗೆ ಅಪರಿಚಿತವೇನಲ್ಲ.

2025ರ ಜುಬಿಲಿಗಾಗಿ ನಿಯಮಗಳನ್ನು ರೂಪಿಸಿದ್ದು ವ್ಯಾಟಿಕನ್ನಿನ ‘ಅಪೋಸ್ತಲಿಕ್ ಪೆನಿಟೆನ್ಶಿಯರಿ’ ಎಂಬ ನ್ಯಾಯಪೀಠ. ಆದೇಶದ ದಿನಾಂಕ 2024ರ ಮೇ 13. ಅದನ್ನು ಓದಿದಾಗ ಯಾವುದೋ ಅನುಭವಿ ಕಾರ್ಯದರ್ಶಿಯ ಕೈವಾಡವನ್ನು ಕಂಡಂತಾಯಿತು. ಅರ್ಹ ವ್ಯಕ್ತಿ ಯಾರು, ಮಾಡಬೇಕಾದ ಕಾರ್ಯ ಯಾವುದು, ಅಶಕ್ತರಿಗೆ ಪರ್ಯಾಯವೇನು, ಎಲ್ಲವೂ ಕ್ರಮವಾಗಿದೆ. ಪೂರ್ಣ ದಂಡವಿನಾಯಿತಿ ಬಯಸುವವನು ಪಾಪನಿವೇದನೆ ಮಾಡಿರಬೇಕು, ಪರಮಪ್ರಸಾದ ಸ್ವೀಕರಿಸಬೇಕು, ಪೋಪರ ಆಶಯಗಳಿಗಾಗಿ ಪ್ರಾರ್ಥಿಸಬೇಕು. ಇವೆಲ್ಲ ಅದೇ ದಿನ ನಡೆಯಲೇಬೇಕೆಂದಿಲ್ಲ. ಸುಮಾರು 20 ದಿನ ಹಿಂದುಮುಂದಾದರೆ ಅಡ್ಡಿಯಿಲ್ಲ ಎಂಬುದು 2000ದ ಜುಬಿಲಿಯಿಂದಲೂ ಇರುವ ಸಲಹೆ. ಇದರೊಡನೆ ನಿಗದಿತ ಕಾರ್ಯವೊಂದನ್ನು ನೆರವೇರಿಸಬೇಕು. ರೋಮಿನ ನಾಲ್ಕು ಪ್ರಧಾನ ಬೆಸಿಲಿಕಾಗಳಲ್ಲಿ ಒಂದಕ್ಕೆ, ಇಲ್ಲವೆ ಜೆರುಸಲೇಮ್, ಬೆತ್ಲೆಹೆಮ್, ನಜರೇತ್‌ಗಳ ಬೆಸಿಲಿಕಾಗಳಿಗೆ ಯಾತ್ರೆ ಹೋಗಬಹುದಿತ್ತು. ಅಷ್ಟು ದೂರ ಸಾಧ್ಯವಿಲ್ಲದವರು ತಮ್ಮ ಧರ್ಮಪ್ರಾಂತ್ಯದ ಪ್ರಧಾನಾಲಯಕ್ಕೋ ಬಿಷಪರು ಗೊತ್ತುಪಡಿಸಿದ ಚರ್ಚಿಗೋ ಹೋದರೆ ಸಾಕಿತ್ತು. ಹೀಗಾಗಿ ಬೆಂಗಳೂರು, ಮಂಗಳೂರಿನ ವಿಶ್ವಾಸಿ ವಿಮಾನದ ಟಿಕೆಟಿಗೆ ಹಣ ಹೊಂದಿಸಬೇಕಾದ ಪ್ರಮೇಯವಿರಲಿಲ್ಲ.

ನನ್ನೊಡನೆ ಕೆಲಸ ಮಾಡಿದ, ಕರಾವಳಿ ಮೂಲದ ಕಥೋಲಿಕ ಮಿತ್ರರೊಬ್ಬರಿದ್ದಾರೆ. ಮೊಣಕಾಲು ನೋವಿನಿಂದ ಮನೆಯ ಮೆಟ್ಟಿಲಿಳಿಯುವುದೂ ಅವರಿಗೆ ಪ್ರಯಾಸ. ‘ನನಗೇನು ಗತಿ ಸ್ವಾಮಿ?’ ಎಂದು ಅವರನ್ನು ನಾನೇ ಅಣಕದಿಂದ ಕೇಳಿಸಿದಂತೆ ಮಾತು ತೆಗೆದಾಗ ಅವರು ನಕ್ಕು ಆದೇಶದ ಆ ಭಾಗವನ್ನು ತೋರಿಸಿದರು. ವೃದ್ಧರು, ರೋಗಿಗಳು, ಅವರನ್ನು ಬಿಟ್ಟು ಹೋಗಲಾಗದ ಶುಶ್ರೂಷಕರು, ಮಠವಾಸಿ ಸನ್ಯಾಸಿನಿಯರು, ಸೆರೆಯಲ್ಲಿರುವವರು ತಾವಿರುವ ಸ್ಥಳದಲ್ಲಿಯೇ ಪ್ರಾರ್ಥಿಸಿ, ತಮ್ಮ ನೋವನ್ನು ದೇವರಿಗೆ ಅರ್ಪಿಸಿದರೆ ಯಾತ್ರೆ ಮಾಡಿದಷ್ಟೇ ಫಲ. ಶುಶ್ರೂಷಕರನ್ನು ಮರೆಯದಿದ್ದುದು ನನಗೆ ಬಹಳ ಹಿಡಿಸಿತು. ನಮ್ಮ ಅನೇಕ ಯೋಜನೆಗಳು ರೋಗಿಯನ್ನು ನೆನೆಯುತ್ತವೆ, ಅವನ ಮಗ್ಗುಲಲ್ಲಿ ಕುಳಿತವಳನ್ನು ನೆನೆಯುವುದಿಲ್ಲ. ಸೆರೆಮನೆಯ ವಿಷಯದಲ್ಲಿ ಪೋಪ್ ಫ್ರಾನ್ಸಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2024ರ ಡಿಸೆಂಬರ್ 26ರಂದು ರೋಮಿನ ರೆಬಿಬ್ಬಿಯಾ ಕಾರಾಗೃಹದಲ್ಲಿಯೇ ಒಂದು ಪವಿತ್ರ ದ್ವಾರವನ್ನು ತೆರೆದರು.

ಯಾತ್ರೆಯಲ್ಲದೆ ದಯಾಕಾರ್ಯಗಳಿಂದಲೂ ದಂಡವಿನಾಯಿತಿ ಲಭ್ಯವಿತ್ತು. ರೋಗಿಗಳನ್ನು, ಬಂದಿಗಳನ್ನು, ಒಂಟಿ ಮುದುಕರನ್ನು ಕಂಡು ಅವರೊಡನೆ ಸಮಯ ಕಳೆಯುವುದು ಅಂಥದೊಂದು ಕಾರ್ಯ. ವಾರದಲ್ಲಿ ಒಂದು ದಿನವಾದರೂ ವ್ಯರ್ಥ ಮನರಂಜನೆಯನ್ನು, ಸಾಮಾಜಿಕ ಜಾಲತಾಣಗಳನ್ನು ತ್ಯಜಿಸಿ ಬಡವರಿಗೆ ತಕ್ಕಷ್ಟು ದಾನ ಮಾಡುವುದು ಇನ್ನೊಂದು. ಫಲವನ್ನು ತನಗಾಗಿ ಇಲ್ಲವೆ ಮೃತರಿಗಾಗಿ ಅರ್ಪಿಸಬಹುದು. ಬದುಕಿರುವ ಬೇರೊಬ್ಬರಿಗೆ ವರ್ಗಾಯಿಸುವಂತಿಲ್ಲ. ಸಾಮಾನ್ಯವಾಗಿ ದಿನಕ್ಕೊಂದು ಪೂರ್ಣ ವಿನಾಯಿತಿ ಎಂಬ ಮಿತಿಯಿದೆ. ಈ ಜುಬಿಲಿಯಲ್ಲಿ ಮಾತ್ರ ಅದೇ ದಿನ ಎರಡನೆಯ ಬಾರಿ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿದವರು ಮೃತರಿಗಾಗಿ ಮತ್ತೊಂದನ್ನು ಪಡೆಯಬಹುದಿತ್ತು.

ಇಷ್ಟರವರೆಗೆ ಎಲ್ಲವೂ ಸುಲಭ. ಕಠಿಣವಾದ ಷರತ್ತು ಬೇರೆಯೇ ಇದೆ. ವಿನಾಯಿತಿ ಬಯಸುವವನ ಮನಸ್ಸಿನಲ್ಲಿ ಯಾವ ಪಾಪದ ಬಗ್ಗೆಯೂ, ಅತ್ಯಂತ ಕ್ಷುಲ್ಲಕವಾದುದರ ಬಗ್ಗೆಯೂ, ಮೋಹ ಉಳಿದಿರಬಾರದು. ಉಳಿದಿದ್ದರೆ ಪೂರ್ಣ ವಿನಾಯಿತಿ ಭಾಗಶಃ ವಿನಾಯಿತಿಯಾಗಿ ಇಳಿಯುತ್ತದೆ. ಇದನ್ನು ಪರಿಶೀಲಿಸುವ ಅಧಿಕಾರಿ ಯಾರೂ ಇಲ್ಲ. ದೃಢೀಕರಣ ಪತ್ರವಿಲ್ಲ, ಫಲಾನುಭವಿಗಳ ಪಟ್ಟಿಯಿಲ್ಲ. ಬಾಗಿಲನ್ನು ದಾಟಿದ ಮೂರು ಕೋಟಿ ಜನರಲ್ಲಿ ಎಷ್ಟು ಮಂದಿಗೆ ಮನ್ನಾ ಸಂದಿತು ಎಂಬುದನ್ನು ವ್ಯಾಟಿಕನ್ ಹೇಳುವುದಿಲ್ಲ, ಹೇಳಲಾರದು. ಪೂರ್ಣ ವಿನಾಯಿತಿ ವಾಸ್ತವದಲ್ಲಿ ವಿರಳವೆಂದೇ ನನ್ನ ಮಿತ್ರರ ನಂಬಿಕೆ. ಆದರೂ ಅವರು ಪ್ರತಿ ನವೆಂಬರ್ ಮೊದಲ ವಾರ, ಜುಬಿಲಿ ಇರಲಿ ಇಲ್ಲದಿರಲಿ, ತೀರಿಕೊಂಡ ಪತ್ನಿಗಾಗಿ ಸಮಾಧಿ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ನವೆಂಬರ್ 1ರಿಂದ 8ರವರೆಗಿನ ಆ ಭೇಟಿಗೂ ಮೃತರ ಹೆಸರಿನಲ್ಲಿ ದಂಡವಿನಾಯಿತಿಯಿದೆ. ಸಿಕ್ಕಿತೋ ಇಲ್ಲವೋ ಎಂದು ತಿಳಿಯುವ ಉಪಾಯವಿಲ್ಲದ ವಿಷಯದಲ್ಲಿ ವರ್ಷವರ್ಷವೂ ಅರ್ಜಿ ಹಾಕುವ ಆ ತಾಳ್ಮೆಯನ್ನು ನಾನು ಯಾವ ಕಚೇರಿಯಲ್ಲಿಯೂ ಕಂಡಿಲ್ಲ.

ಈ ಇಡೀ ನಿಯಮಾವಳಿಯಲ್ಲಿ ‘ಶುಲ್ಕ’ ಎಂಬ ಪದ ಇಲ್ಲದಿರುವುದಕ್ಕೆ ಒಂದು ದೀರ್ಘ ಇತಿಹಾಸವಿದೆ. ಮೊದಲ ಜುಬಿಲಿಯನ್ನು 1300ರಲ್ಲಿ ಸಾರಿದವರು ಪೋಪ್ ಎಂಟನೆಯ ಬೋನಿಫಾಸ್. ರೋಮಿನ ನಿವಾಸಿಗಳು 30 ದಿನ, ಪರಸ್ಥಳದವರು 15 ದಿನ ಸಂತ ಪೇತ್ರ ಮತ್ತು ಸಂತ ಪೌಲರ ದೇವಾಲಯಗಳನ್ನು ಸಂದರ್ಶಿಸಬೇಕೆಂದು ಅವರು ವಿಧಿಸಿದರೇ ಹೊರತು ಹಣ ಕೇಳಲಿಲ್ಲ. ಆದರೂ ಹಣ ಬಂತು. ಸಂತ ಪೌಲರ ಪೀಠದ ಬಳಿ ಇಬ್ಬರು ಪಾದ್ರಿಗಳು ಹಗಲಿರುಳು ಕುಂಟೆ ಹಿಡಿದು ನಾಣ್ಯಗಳನ್ನು ಬಾಚುತ್ತಿದ್ದುದನ್ನು ಇಟಲಿಯ ಆಸ್ತಿ ಎಂಬ ಊರಿನಿಂದ (ಹೆಸರು ನಿಜವಾಗಿಯೂ ಅದೇ) ಬಂದ ವೃತ್ತಾಂತಕಾರನೊಬ್ಬ ಬರೆದಿಟ್ಟಿದ್ದಾನೆ. ಆದಾಯದ ರುಚಿ ಹತ್ತಿದ ಮೇಲೆ ಅಂತರ 100 ವರ್ಷಗಳಿಂದ 50ಕ್ಕೂ, 1470ರಲ್ಲಿ 25ಕ್ಕೂ ಇಳಿಯಿತು. ಪ್ರತಿ ಪೀಳಿಗೆಗೂ ಅವಕಾಶ ಸಿಗಲೆಂಬುದು ಕೊಟ್ಟ ಕಾರಣ. ಅದು ಸುಳ್ಳಲ್ಲ, ಪೂರ್ತಿ ಸತ್ಯವೂ ಅಲ್ಲವೆಂದು ನನ್ನ ಎಣಿಕೆ.

ಮುದ್ರಣ ಯಂತ್ರ ಬಂದೊಡನೆ ಗುಟೆನ್‌ಬರ್ಗನ ಕಾಲದಲ್ಲಿಯೇ, 1454ರಲ್ಲಿ, ಹೆಸರು ಮತ್ತು ದಿನಾಂಕಕ್ಕೆ ಜಾಗ ಬಿಟ್ಟ ಇಂಡಲ್ಜೆನ್ಸ್ ಪತ್ರಗಳು ಅಚ್ಚಾದವು. ಸರ್ಕಾರಿ ಮುದ್ರಿತ ನಮೂನೆಗಳ ಮೂಲಪುರುಷ ಇದೇ ಇರಬೇಕು. ಅವನತಿಯ ತುದಿ ಮುಟ್ಟಿದ್ದು ಜರ್ಮನಿಯಲ್ಲಿ. ಬ್ರಾಂಡೆನ್‌ಬರ್ಗಿನ ಆಲ್ಬ್ರೆಕ್ಟ್ ಎಂಬ ರಾಜಮನೆತನದ ಯುವಕ ಮೈನ್ಸ್‌ನ ಆರ್ಚ್‌ಬಿಷಪ್ ಹುದ್ದೆಗಾಗಿ ರೋಮಿಗೆ ಕಟ್ಟಬೇಕಾದ ಮೊತ್ತವನ್ನು ಫುಗ್ಗರ್ ಎಂಬ ಲೇವಾದೇವಿ ಮನೆತನದಿಂದ ಸಾಲ ಪಡೆದ. ಅದನ್ನು ತೀರಿಸಲು ತನ್ನ ಪ್ರಾಂತ್ಯಗಳಲ್ಲಿ ಇಂಡಲ್ಜೆನ್ಸ್ ವಿತರಣೆಗೆ ಪೋಪ್ ಹತ್ತನೆಯ ಲಿಯೋ ಅವರಿಂದ ಅನುಮತಿ ಪಡೆದ. ಸಂಗ್ರಹದ ಅರ್ಧ ಸಂತ ಪೇತ್ರರ ದೇವಾಲಯದ ಕಟ್ಟಡಕ್ಕೆ, ಅರ್ಧ ಫುಗ್ಗರ್ ಸಾಲಕ್ಕೆ. ಟೆಟ್ಸೆಲ್ ಎಂಬ ಪ್ರಚಾರಕ ಊರೂರು ತಿರುಗಿದ. ಇಷ್ಟೊಂದು ಶ್ರೀಮಂತರಾದ ಪೋಪರು ಬಡವರ ಹಣದ ಬದಲು ತಮ್ಮ ಹಣದಲ್ಲಿಯೇ ದೇವಾಲಯವನ್ನೇಕೆ ಕಟ್ಟಿಸಬಾರದು ಎಂಬುದು 1517ರಲ್ಲಿ ಲೂಥರ್ ಎತ್ತಿದ 95 ಅಂಶಗಳಲ್ಲಿ ಒಂದು. ಅವನ ಮುಖ್ಯ ಆಕ್ಷೇಪ ಮಾತ್ರ ಇದಕ್ಕಿಂತ ಆಳವಾದದ್ದು: ಮನುಷ್ಯ ಪಶ್ಚಾತ್ತಾಪಪಡುವ ಅಗತ್ಯವನ್ನೇ ಈ ಪತ್ರ ಕಸಿದುಕೊಳ್ಳುತ್ತದೆ ಎಂಬುದು.

ಸುಧಾರಣೆ ತಡವಾಗಿ ಬಂತು. ಟ್ರೆಂಟ್ ಮಹಾಸಭೆ 1563ರಲ್ಲಿ ಲಾಭಕೋರತನವನ್ನು ಖಂಡಿಸಿತು. ಹಣ ಸಂದಾಯಕ್ಕೆ ಗಂಟುಹಾಕಿದ ಇಂಡಲ್ಜೆನ್ಸ್‌ಗಳನ್ನು 1567ರಲ್ಲಿ ಪೋಪ್ ಐದನೆಯ ಪಯಸ್ ರದ್ದುಪಡಿಸಿದರು. ಸರಿಯಾಗಿ 400 ವರ್ಷಗಳ ಬಳಿಕ, 1967ರಲ್ಲಿ, ಪೋಪ್ ಆರನೆಯ ಪೌಲ್ ‘300 ದಿನಗಳು’, ‘7 ವರ್ಷಗಳು’ ಎಂದು ವಿನಾಯಿತಿಯನ್ನು ಅಳೆಯುವ ಪದ್ಧತಿಯನ್ನೂ ಕೈಬಿಟ್ಟರು. ಅಂದಿನಿಂದ ಪೂರ್ಣ ಮತ್ತು ಭಾಗಶಃ ಎಂಬ ಎರಡೇ ವರ್ಗ. ಬೆಲೆಯನ್ನು ತೆಗೆದ ಮೇಲೆ ಅಳತೆಯನ್ನೂ ತೆಗೆದದ್ದು ತರ್ಕಬದ್ಧವೇ ಆಗಿದೆ. ಅಳತೆ ಇರುವಲ್ಲಿ ಬೆಲೆ ಮರಳಿ ನುಸುಳದೆ ಇರುವುದಿಲ್ಲ.

ಆದರೆ ಜುಬಿಲಿ ಎಂಬ ಪದ ಹುಟ್ಟಿದ್ದು ಇಂತಹ ಪಾರಮಾರ್ಥಿಕ ಬಾಕಿಗಾಗಿ ಅಲ್ಲ. ಹಳೆಯ ಒಡಂಬಡಿಕೆಯ ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಅದು ಅಪ್ಪಟ ಆರ್ಥಿಕ ಶಾಸನ. ಐವತ್ತನೆಯ ವರ್ಷದಲ್ಲಿ ಕಷ್ಟಕ್ಕೆ ಮಾರಿದ ಜಮೀನು ಮೂಲ ಕುಟುಂಬಕ್ಕೆ ಮರಳಬೇಕು, ಜೀತಕ್ಕೆ ಬಿದ್ದವನು ಬಿಡುಗಡೆ ಹೊಂದಬೇಕು. ಜಮೀನಿನ ಬೆಲೆಯನ್ನು ಮುಂದಿನ ಜುಬಿಲಿಗೆ ಉಳಿದಿರುವ ಬೆಳೆಗಳ ಸಂಖ್ಯೆಯ ಮೇಲೆ ಲೆಕ್ಕ ಹಾಕಬೇಕು ಎಂಬ ಸೂಕ್ಷ್ಮವೂ ಅಲ್ಲಿದೆ. ಅಂದರೆ ಅದು ಕ್ರಯವಲ್ಲ, ಗುತ್ತಿಗೆ. ಏಳು ವರ್ಷಕ್ಕೊಮ್ಮೆ ಸಾಲ ಮನ್ನಾ ಮಾಡುವ ಜೊತೆಗಿನ ನಿಯಮದಿಂದಾಗಿ ಗಡುವು ಹತ್ತಿರವಾದಂತೆ ಬಡವರಿಗೆ ಸಾಲವೇ ಹುಟ್ಟದಾಯಿತು. ಹಿಲ್ಲೆಲ್ ಎಂಬ ಯೆಹೂದಿ ಪಂಡಿತ ಸಾಲವನ್ನು ನ್ಯಾಯಸ್ಥಾನದ ವಶಕ್ಕೆ ಒಪ್ಪಿಸುವ ಪತ್ರವ್ಯವಸ್ಥೆಯಿಂದ ಅದಕ್ಕೆ ಪರಿಹಾರ ಹುಡುಕಿದ. 2008ರ ಕೃಷಿ ಸಾಲ ಮನ್ನಾ ಕುರಿತು ನಾವು ನಡೆಸಿದ ವಾದಗಳೆಲ್ಲ ಎರಡು ಸಾವಿರ ವರ್ಷ ಹಳೆಯವು.

ಪೋಪ್ ಫ್ರಾನ್ಸಿಸ್ ತಮ್ಮ ಜುಬಿಲಿ ಆಜ್ಞಾಪತ್ರದಲ್ಲಿ ಈ ಮೂಲಾರ್ಥವನ್ನು ಮರೆಯಲಿಲ್ಲ. ಎಂದಿಗೂ ತೀರಿಸಲಾಗದ ದೇಶಗಳ ಸಾಲವನ್ನು ಶ್ರೀಮಂತ ರಾಷ್ಟ್ರಗಳು ಬಿಡಬೇಕೆಂದು ಕೇಳಿದರು. ಇದು ಔದಾರ್ಯವಲ್ಲ, ನ್ಯಾಯ ಎಂದರು. ಬಡ್ಡಿಗೆ ಕಟ್ಟುವ ಹಣ ಶಿಕ್ಷಣ ಅಥವಾ ಆರೋಗ್ಯದ ವೆಚ್ಚವನ್ನು ಮೀರಿದ ದೇಶಗಳಲ್ಲಿ 330 ಕೋಟಿ ಜನರಿದ್ದಾರೆಂದು ವಿಶ್ವಸಂಸ್ಥೆಯ ವಾಣಿಜ್ಯ ಮತ್ತು ಅಭಿವೃದ್ಧಿ ಸಂಸ್ಥೆ 2024ರಲ್ಲಿ ಲೆಕ್ಕ ಹಾಕಿತ್ತು. 2000ದ ಜುಬಿಲಿಯ ಹೆಸರಿನಲ್ಲಿ ನಡೆದ ಆಂದೋಲನ ಬಡ ದೇಶಗಳಿಗೆ ಗಣನೀಯ ಸಾಲ ಪರಿಹಾರ ದೊರಕಿಸಿಕೊಟ್ಟಿತ್ತು. ಆಗ ಸಾಲ ಕೊಟ್ಟವರಲ್ಲಿ ಹೆಚ್ಚಿನವರು ಸರ್ಕಾರಗಳು ಮತ್ತು ವಿಶ್ವಬ್ಯಾಂಕಿನಂತಹ ಸಂಸ್ಥೆಗಳು. ಈಗ ಖಾಸಗಿ ಬಾಂಡುದಾರರ ಪಾಲು ದೊಡ್ಡದು. ಅವರನ್ನು ಒಂದು ಮೇಜಿನ ಸುತ್ತ ಕೂರಿಸುವುದೇ ಕಷ್ಟ. ಜೋಸೆಫ್ ಸ್ಟಿಗ್ಲಿಟ್ಸ್ ಮತ್ತು ಮಾರ್ಟಿನ್ ಗುಸ್ಮಾನ್ ನೇತೃತ್ವದ ತಜ್ಞರ ಸಮಿತಿ 2025ರ ಜೂನ್‌ನಲ್ಲಿ ವ್ಯಾಟಿಕನ್ನಿನಲ್ಲಿ ಬಿಡುಗಡೆ ಮಾಡಿದ ‘ಜುಬಿಲಿ ವರದಿ’ಯ ತಿರುಳೂ ಸುಮಾರಾಗಿ ಇದೇ.

ಮೊಣಕಾಲು ನೋವಿನ ಮುದುಕನಿಗೂ ಜೈಲಿನ ಕೈದಿಗೂ ಅವರವರ ಸ್ಥಳದಲ್ಲಿಯೇ ವಿನಾಯಿತಿ ಪಡೆಯುವ ಮಾರ್ಗವನ್ನು ಪೆನಿಟೆನ್ಶಿಯರಿಯ ಆದೇಶ ಬರೆದಿಟ್ಟಿತು. ಸಾಲದ ದೇಶಗಳ ಪಾಲಿಗೆ ಬಂದದ್ದು ಕೋರಿಕೆ ಮತ್ತು ಒಂದು ವರದಿ. ದ್ವಾರ ಮುಚ್ಚಿದ ದಿನ ಆ ವರದಿಗೆ ಆರು ತಿಂಗಳು ತುಂಬಿತ್ತು. ಕ್ರಿಸ್ತನ ಮರಣ ಮತ್ತು ಪುನರುತ್ಥಾನದ 2000 ವರ್ಷಗಳನ್ನು ನೆನೆಯುವ 2033ರ ಕಡೆಗೂ ಫ್ರಾನ್ಸಿಸ್ ಅದೇ ಆಜ್ಞಾಪತ್ರದಲ್ಲಿ ಬೊಟ್ಟು ಮಾಡಿದ್ದಾರೆ.